ಸಂತೆಯಿಂದ ಜಗುಲಿಗೆ: ಚಿಕ್ಕ ಹರಟೆ ಜಾಲಗಳು ಹುಟ್ಟಿದ ಬಗೆ

ಹಳ್ಳಿಯ ಅರಳಿಕಟ್ಟೆಗೆ ಬಂದು ಕುಳಿತವರ ಹೆಸರನ್ನು ಯಾರೂ ಕದಿಯಲಾರರು. ರಂಗಪ್ಪ ಊಟಕ್ಕೆಂದು ಮನೆಗೆ ಹೋಗಿ ಬರುವಷ್ಟರಲ್ಲಿ ಇನ್ನೊಬ್ಬ ಬಂದು 'ನಾನೇ ರಂಗಪ್ಪ' ಎಂದರೆ ಕಟ್ಟೆಯ ಮೇಲಿದ್ದವರು ನಕ್ಕು ಸುಮ್ಮನಾಗುತ್ತಾರೆ. ಮುಖವಿದೆ, ದನಿಯಿದೆ, ನಡಿಗೆಯಿದೆ; ಮನುಷ್ಯನನ್ನು ಗುರುತಿಸಲು ಇಷ್ಟು ಸಾಕು. ಕಂಪ್ಯೂಟರಿನ ಪರದೆಯ ಮೇಲೆ ಇವು ಯಾವುವೂ ಇಲ್ಲ. ಅಲ್ಲಿರುವುದು ಒಂದು ಅಡ್ಡಹೆಸರು ಮಾತ್ರ. ಆ ಹೆಸರನ್ನು ಬೇರೊಬ್ಬರು ಹಾಕಿಕೊಂಡರೆ ನಿಜವಾದ ರಂಗಪ್ಪ ಯಾರು?

ಅಂತರ್ಜಾಲದ ಹರಟೆಕಟ್ಟೆಗಳಲ್ಲಿ ಹಿರಿಯದೆನ್ನಬಹುದಾದ 'ಇಂಟರ್‌ನೆಟ್ ರಿಲೇ ಚಾಟ್', ಅಂದರೆ ಐಆರ್‌ಸಿ, ತನ್ನ ಮೊದಲ ಹತ್ತು ವರ್ಷಗಳನ್ನು ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ಕಳೆಯಿತು ಎನ್ನಬೇಕು. ಒಂದೇ ಆಗಿದ್ದ ಜಾಲ ಒಡೆಯಿತು, ಒಡೆದದ್ದು ಮತ್ತೆ ಒಡೆಯಿತು. ದೊಡ್ಡ ಜಾಲದ ಗದ್ದಲದಿಂದ ಬೇಸತ್ತವರು ಪಕ್ಕದಲ್ಲಿ ಪುಟ್ಟ ಜಾಲ ಕಟ್ಟಿಕೊಂಡು ಹೊಸದಾಗಿ ಬದುಕು ಆರಂಭಿಸಿದರು. ಆ ಪುಟ್ಟ ಜಾಲಗಳಲ್ಲಿ ಕಂಡುಕೊಂಡ ಉಪಾಯಗಳೇ ಮುಂದೆ ಐಆರ್‌ಸಿ ಲೋಕದಲ್ಲಿ ವಾಡಿಕೆಯಾದವು.

ಔಲುವಿನ ಬೇಸಿಗೆ

ಫಿನ್‌ಲೆಂಡಿನ ಉತ್ತರಭಾಗದಲ್ಲಿ ಬಾತ್ನಿಯಾ ಕೊಲ್ಲಿಯ ದಡದ ಮೇಲೆ ಔಲು ಎಂಬ ನಗರವಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ ಎಂಬ ತರುಣ ಒಂದು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದ. 1988ರ ಬೇಸಿಗೆಯಲ್ಲಿ ಕೈಯಲ್ಲಿ ಅಂಥ ಹೆಚ್ಚಿನ ಕೆಲಸವೇನೂ ಇರಲಿಲ್ಲ. ವಿಶ್ವವಿದ್ಯಾಲಯದ 'ಔಲುಬಾಕ್ಸ್' ಎಂಬ ಸಾರ್ವಜನಿಕ ಸೂಚನಾಫಲಕ ವ್ಯವಸ್ಥೆಯಲ್ಲಿ ಹಲವರು ಒಟ್ಟಿಗೆ ಮಾತಾಡಲು 'ಮಟ್' ಎಂಬ ಒಂದು ಪ್ರೋಗ್ರಾಂ ಇತ್ತು. ಅದು ಸರಿಯಾಗಿ ನಡೆಯುತ್ತಿರಲಿಲ್ಲ. ಅದರ ಜಾಗಕ್ಕೆ ಬೇರೊಂದನ್ನು ಬರೆಯಲು ಯಾರ್ಕೊ ಹೊರಟ. ಅಮೆರಿಕದಲ್ಲಿ ಜೆಫ್ ಕೆಲ್ ಎಂಬವರು 1985ರಲ್ಲಿ ಬಿಟ್‌ನೆಟ್ ಜಾಲಕ್ಕಾಗಿ ರಚಿಸಿದ್ದ 'ರಿಲೇ' ಅವನಿಗೆ ಮಾದರಿಯಾಯಿತು. ಆಗಸ್ಟ್ ತಿಂಗಳ ಕೊನೆಯ ಹೊತ್ತಿಗೆ ಐಆರ್‌ಸಿ ಸಿದ್ಧವಾಗಿತ್ತು.

ಮೊದಲಿಗೆ ಇದ್ದದ್ದು ಒಂದೇ ಸರ್ವರ್. ಬಳಿಕ ಫಿನ್‌ಲೆಂಡಿನ ಬೇರೆ ವಿಶ್ವವಿದ್ಯಾಲಯಗಳು ಸೇರಿಕೊಂಡವು. ಅಮೆರಿಕದ ಡೆನ್ವರ್ ಮತ್ತು ಆರಿಗಾನ್ ಸ್ಟೇಟ್ ವಿಶ್ವವಿದ್ಯಾಲಯಗಳೂ ಕೊಂಡಿ ಹಾಕಿಕೊಂಡವು. 1989ರ ನಡುವಿನ ಹೊತ್ತಿಗೆ ಪ್ರಪಂಚದ ಬೇರೆ ಬೇರೆ ಕಡೆ ಸುಮಾರು 40 ಸರ್ವರ್‌ಗಳಿದ್ದವು. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧ ನಡೆದಾಗ ಜನ ಅಲ್ಲಲ್ಲಿಂದ ಬಂದ ಸುದ್ದಿಯನ್ನು ಈ ಜಾಲದಲ್ಲಿ ಸಾಲುಸಾಲಾಗಿ ಹಂಚಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕ್ಷಿಪ್ರಕ್ರಾಂತಿಯ ಯತ್ನ ನಡೆದಾಗಲೂ ಹಾಗೆಯೇ ಆಯಿತು. ಬಿಡುವಿನ ವೇಳೆಯ ಆಟಿಕೆ ಎಂದುಕೊಂಡದ್ದು ಸುದ್ದಿಯ ದಾರಿಯೂ ಆಗಬಹುದು ಎಂಬುದು ಜನಕ್ಕೆ ಆಗ ಅರಿವಾಯಿತು.

ಮರದ ಕೊಂಬೆ ಮುರಿದಾಗ

ಮುಂದಿನ ಜಗಳ ಅರ್ಥವಾಗಬೇಕಾದರೆ ಐಆರ್‌ಸಿ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ತಿಳಿಯಬೇಕು. ಹರಟುವವರು ಒಂದೇ ಕಂಪ್ಯೂಟರಿಗೆ ಬಂದು ಸೇರುವುದಿಲ್ಲ. ಪ್ರತಿಯೊಬ್ಬರೂ ತಮಗೆ ಹತ್ತಿರದ ಸರ್ವರಿಗೆ ಸೇರುತ್ತಾರೆ. ಸರ್ವರ್‌ಗಳು ಮರದ ಕೊಂಬೆಗಳಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಔಲುವಿನಲ್ಲಿ ಒಬ್ಬ ಬೆರಳಚ್ಚಿಸಿದ ಸಾಲು ಕೊಂಬೆಯಿಂದ ಕೊಂಬೆಗೆ ದಾಟಿ ಆರಿಗಾನಿನವನ ಪರದೆಗೆ ತಲುಪುತ್ತದೆ. 'ರಿಲೇ' ಎಂಬ ಹೆಸರು ಬಂದದ್ದು ಇದರಿಂದಲೇ.

ಮಾತು ನಡೆಯುವ ಸ್ಥಳಕ್ಕೆ 'ಚಾನೆಲ್' ಎಂದು ಹೆಸರು. ಚಾನೆಲ್ ತೆರೆಯಲು ಯಾರ ಅಪ್ಪಣೆಯೂ ಬೇಡ. ಇಲ್ಲದ ಹೆಸರೊಂದನ್ನು ಹೇಳಿ ಒಳಗೆ ಹೋದರೆ ಆ ಚಾನೆಲ್ ಹುಟ್ಟುತ್ತದೆ. ಮೊದಲು ಬಂದವನೇ ಅದರ ಯಜಮಾನ; ಅವನನ್ನು 'ಆಪ್' ಎನ್ನುತ್ತಾರೆ. ಗಲಾಟೆ ಮಾಡುವವರನ್ನು ಹೊರಗೆ ಹಾಕುವ ಅಧಿಕಾರ ಅವನದು. ಎಲ್ಲರೂ ಎದ್ದುಹೋದರೆ ಚಾನೆಲ್ ಕೂಡ ಇಲ್ಲವಾಗುತ್ತದೆ. ಯಾವ ದಾಖಲೆಯೂ ಉಳಿಯುವುದಿಲ್ಲ.

ನೋಡಲು ಇದು ಬಲು ಸರಳ, ಚೆಂದದ ಏರ್ಪಾಟು. ಆದರೆ ಮರದಲ್ಲಿ ಒಂದು ಕೊಂಬೆಗೂ ಇನ್ನೊಂದಕ್ಕೂ ನಡುವೆ ದಾರಿ ಒಂದೇ. ಅಟ್ಲಾಂಟಿಕ್ ಸಾಗರದ ಆಚೀಚೆಯ ಕೊಂಡಿ ಒಂದು ಕ್ಷಣ ಕಡಿದರೂ ಜಾಲ ಎರಡು ಹೋಳಾಗುತ್ತದೆ. ಇದಕ್ಕೆ 'ನೆಟ್‌ಸ್ಪ್ಲಿಟ್' ಎನ್ನುತ್ತಾರೆ. ಮಾತಾಡುತ್ತಿದ್ದ ಅರ್ಧ ಜನ ಒಮ್ಮೆಲೇ ಮಾಯವಾಗುತ್ತಾರೆ. ಎರಡೂ ಹೋಳುಗಳಲ್ಲಿ ಬದುಕು ಬೇರೆ ಬೇರೆಯಾಗಿ ಮುಂದುವರಿಯುತ್ತದೆ. ಕಳ್ಳರು ಕಾಯುತ್ತಿದ್ದುದು ಈ ಗಳಿಗೆಯನ್ನೇ. ಚಾನೆಲ್ಲಿನ ಸದಸ್ಯರೆಲ್ಲ ಒಂದು ಹೋಳಿನಲ್ಲಿ ಸಿಕ್ಕಿಕೊಂಡಿರುವಾಗ ಇನ್ನೊಂದು ಹೋಳಿನಲ್ಲಿ ಆ ಹೆಸರಿನ ಚಾನೆಲ್ ಖಾಲಿ. ಅದನ್ನು ಹೊಕ್ಕವನು ಅಲ್ಲಿ ಮೊದಲಿಗ, ಆದ್ದರಿಂದ ಆಪ್. ಕೊಂಡಿ ಮತ್ತೆ ಕೂಡಿದಾಗ ಅವನ ಅಧಿಕಾರವೂ ಜೊತೆಗೆ ಬರುತ್ತದೆ. ಬಂದವನೇ ಹಳಬರನ್ನೆಲ್ಲ ಹೊರಗೆ ದಬ್ಬುತ್ತಾನೆ. ವರ್ಷಗಟ್ಟಲೆ ಕೂಡಿ ಕುಳಿತ ಜಗುಲಿ ಒಂದು ನಿಮಿಷದಲ್ಲಿ ಕೈತಪ್ಪುತ್ತದೆ.

ಹೆಸರಿನ ಪಾಡೂ ಇದೇ. ಎರಡು ಹೋಳುಗಳಲ್ಲಿ ಇಬ್ಬರು ಒಂದೇ ಅಡ್ಡಹೆಸರು ಇಟ್ಟುಕೊಂಡಿದ್ದರೆ, ಜಾಲ ಕೂಡಿದೊಡನೆ ಆ ಹೆಸರುಗಳು ಢಿಕ್ಕಿ ಹೊಡೆಯುತ್ತಿದ್ದವು. ನಿಜವಾದವನು ಯಾರೆಂದು ತಿಳಿಯದ ಸರ್ವರ್ ಇಬ್ಬರನ್ನೂ ಹೊರಗೆ ಹಾಕುತ್ತಿತ್ತು.

ಕಲಹದೇವತೆಯ ಹೆಸರಲ್ಲಿ

ಮೊದಲ ಒಡಕು ಬಂದದ್ದು 1990ರ ಆಗಸ್ಟ್‌ನಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ 'ಏರಿಸ್' ಎಂಬ ಸರ್ವರ್ ಯಾರು ಬೇಕಾದರೂ ಗುಪ್ತಪದವಿಲ್ಲದೆ ತಮ್ಮ ಸರ್ವರನ್ನು ತಂದು ಜೋಡಿಸಬಹುದೆಂದು ಬಾಗಿಲು ತೆರೆದಿಟ್ಟಿತ್ತು. ಏರಿಸ್ ಎಂದರೆ ಗ್ರೀಕ್ ಪುರಾಣದ ಕಲಹದೇವತೆ. ಹೆಸರಿಗೆ ತಕ್ಕಂತೆ ಕಲಹವೂ ಹುಟ್ಟಿತು. ತೆರೆದ ಬಾಗಿಲಿನಿಂದ ನುಗ್ಗಿದವರು ಬೇಕೆಂದೇ ಹೆಸರುಗಳಿಗೆ ಢಿಕ್ಕಿ ಹೊಡೆಸತೊಡಗಿದರು. ಉಳಿದ ಸರ್ವರ್‌ಗಳವರು ಬೇಸತ್ತು ಏರಿಸ್ ಜೊತೆ ಸಂಬಂಧ ಕಡಿದುಕೊಂಡರು. ಏರಿಸ್ ಇಲ್ಲದ ಜಾಲಕ್ಕೆ 'ಏರಿಸ್-ಫ್ರೀ ನೆಟ್‌ವರ್ಕ್', ಅಂದರೆ ಇಎಫ್‌ನೆಟ್ ಎಂದು ಹೆಸರಾಯಿತು. ಇನ್ನೊಂದು ಬಣ 'ಅನಾರ್ಕಿ ನೆಟ್' ಎಂದು ಕರೆಸಿಕೊಂಡು ಸ್ವಲ್ಪ ಕಾಲದಲ್ಲೇ ಕಣ್ಮರೆಯಾಯಿತು.

ಬಾಗಿಲಿಗೆ ಅಗಳಿ ಹಾಕಿದರೂ ಮನೆಯೊಳಗಿನ ತೊಂದರೆ ತೀರಲಿಲ್ಲ. ನೆಟ್‌ಸ್ಪ್ಲಿಟ್ ಮುಂದುವರಿಯಿತು, ಚಾನೆಲ್ ಕಳವೂ ಮುಂದುವರಿಯಿತು. ದೊಡ್ಡ ಜಾಲದಲ್ಲಿ ಒಂದು ಬದಲಾವಣೆ ತರಬೇಕಾದರೆ ಹಲವಾರು ಸರ್ವರ್‌ಗಳ ಆಡಳಿತಗಾರರು ಒಪ್ಪಬೇಕು. ಅವರೆಲ್ಲ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಪ್ರಯೋಗಕ್ಕೆ ಅಲ್ಲಿ ಅವಕಾಶ ಕಡಿಮೆ.

ಹೀಗಾಗಿ 1992ರ ಅಕ್ಟೋಬರಿನಲ್ಲಿ ಅಮೆರಿಕ, ಕೆನಡಾ ಮತ್ತು ಫ್ರಾನ್ಸಿನ ಕೆಲವರು ಸೇರಿ 'ಅಂಡರ್‌ನೆಟ್' ಎಂಬ ಪ್ರಾಯೋಗಿಕ ಜಾಲವನ್ನು ಆರಂಭಿಸಿದರು. ಸರ್ವರ್ ಪ್ರೋಗ್ರಾಮನ್ನೇ ತಿದ್ದಿ ಹೊಸ ನಿಯಮ ತಂದರು. ಪ್ರತಿ ಹೆಸರಿಗೂ ಪ್ರತಿ ಚಾನೆಲ್‌ಗೂ ಹುಟ್ಟಿದ ಹೊತ್ತಿನ ಗುರುತು ಹಾಕಿದರು. ಎರಡು ಹೋಳು ಕೂಡಿದಾಗ ಯಾವುದು ಹಳೆಯದೋ ಅದು ಗೆಲ್ಲುತ್ತದೆ; ನಡುವೆ ನುಗ್ಗಿದವನ ಅಧಿಕಾರ ಬಿದ್ದುಹೋಗುತ್ತದೆ. ಸಾಲದ್ದಕ್ಕೆ 'ಎಕ್ಸ್' ಮತ್ತು 'ಡಬ್ಲ್ಯೂ' ಎಂಬ ಹೆಸರಿನ ಯಾಂತ್ರಿಕ ಕಾವಲುಗಾರರನ್ನೂ ನೇಮಿಸಲಾಯಿತು. ನೋಂದಾಯಿಸಿದ ಚಾನೆಲ್ಲಿನವರೆಲ್ಲ ಮಲಗಿದ್ದಾಗಲೂ ಇವು ಎಚ್ಚರವಾಗಿದ್ದವು.

ಇಪ್ಪತ್ತೈದು ಜನರ ಜಾಲ

1994ರ ಜುಲೈಯಲ್ಲಿ ಇನ್ನೊಂದು ಪುಟ್ಟ ಜಾಲ ಹುಟ್ಟಿತು. ಇಎಫ್‌ನೆಟ್‌ನ 'ಸ್ಟಾರ್ ಟ್ರೆಕ್' ಚಾನೆಲ್ಲಿನಲ್ಲಿ ಆ ದೂರದರ್ಶನ ಧಾರಾವಾಹಿಯ ಅಭಿಮಾನಿಗಳು ಸೇರುತ್ತಿದ್ದರು. ಅವರಲ್ಲಿ ಕೆಲವರು ಪ್ರತ್ಯೇಕವಾಗಿ ಹೊರಬಂದರು. ಮೊದಲ ಸರ್ವರಿನ ಆಡಳಿತಗಾರನ ಅಡ್ಡಹೆಸರು 'ಡಾಲ್ವೆಂಜಾ'. ಅದು ಒಂದು ಕಲ್ಪನಾಪ್ರಧಾನ ಕಾದಂಬರಿಯಲ್ಲಿ ಬರುವ ಡ್ರ್ಯಾಗನ್‌ನ ಹೆಸರು. ಅದರಿಂದ ಜಾಲಕ್ಕೆ 'ಡಾಲ್‌ನೆಟ್' ಎಂಬ ಹೆಸರು ಬಂತು. ಒಂದು ತಿಂಗಳು ಕಳೆದಾಗ ಅಲ್ಲಿದ್ದವರು 25 ಮಂದಿ.

ಡಾಲ್‌ನೆಟ್ ಕೊಟ್ಟ ಉತ್ತರ ಅಂಡರ್‌ನೆಟ್‌ನದಕ್ಕಿಂತ ನೇರವಾದದ್ದು. ಅಲ್ಲಿ 'ನಿಕ್‌ಸರ್ವ್' ಎಂಬ ಸೇವೆ ಬಂತು. ತನ್ನ ಅಡ್ಡಹೆಸರನ್ನು ಒಂದು ಗುಪ್ತಪದದೊಡನೆ ನೋಂದಾಯಿಸಿಕೊಂಡರೆ ಮುಗಿಯಿತು. ಬೇರೆಯವರು ಆ ಹೆಸರು ಹಾಕಿಕೊಂಡು ಬಂದರೆ 'ಇದು ಇನ್ನೊಬ್ಬರ ಹೆಸರು' ಎಂಬ ಎಚ್ಚರಿಕೆ ಬರುತ್ತಿತ್ತು. ಅದರ ಬೆನ್ನಿಗೆ ಚಾನೆಲ್‌ಗಳ ಒಡೆತನ ನೋಡಿಕೊಳ್ಳುವ 'ಚಾನ್‌ಸರ್ವ್' ಬಂತು. ಅಡ್ಡಹೆಸರು 9 ಅಕ್ಷರ ಮೀರಬಾರದೆಂಬ ಹಳೆಯ ಮಿತಿಯನ್ನೂ 30ಕ್ಕೆ ಏರಿಸಿದರು.

ಇಎಫ್‌ನೆಟ್ 1996ರ ಜುಲೈಯಲ್ಲಿ ಮತ್ತೊಮ್ಮೆ ಒಡೆಯಿತು. ಈ ಬಾರಿ ಅಮೆರಿಕದವರು ಒಂದು ಕಡೆ, ಯುರೋಪಿನ ಬಹುಪಾಲು ಜನ ಇನ್ನೊಂದು ಕಡೆ. ಆಡಳಿತಗಾರರಿಗೆ ಎಷ್ಟು ಅಧಿಕಾರವಿರಬೇಕು ಎಂಬುದು ಒಂದು ತಕರಾರು. ಕಳವು ತಡೆಯಲು ಹೊತ್ತಿನ ಗುರುತೇ ಸರಿಯೋ, ಇಲ್ಲ ಜಾಲ ಕಡಿದಾಗ ಹೆಸರಿಗೂ ಚಾನೆಲ್‌ಗೂ ಸ್ವಲ್ಪ ಹೊತ್ತು ಬೀಗ ಹಾಕುವುದು ಸರಿಯೋ ಎಂಬುದು ಇನ್ನೊಂದು. ಬೀಗದ ಪಕ್ಷ ಹಿಡಿದ ಯುರೋಪಿನವರ ಜಾಲ 'ಐಆರ್‌ಸಿನೆಟ್' ಆಯಿತು.

ಹೆಸರು ಯಾರದು ಎಂಬ ಪ್ರಶ್ನೆಗೆ ಹೀಗೆ ಮೂರು ಉತ್ತರಗಳು ದೊರೆತವು. ಮೊದಲು ಬಂದವನದು ಎಂದಿತು ಒಂದು ಜಾಲ. ದಾಖಲೆ ಇದ್ದವನದು ಎಂದಿತು ಇನ್ನೊಂದು. ಯಾರದೂ ಅಲ್ಲ, ಗಲಾಟೆ ತಣಿಯುವವರೆಗೆ ಕಾಯಿರಿ ಎಂದಿತು ಮೂರನೆಯದು. ಹೊಲದ ಬದುವಿನ ಜಗಳ ಕಂಡವರಿಗೆ ಈ ಮೂರು ವಾದಗಳೂ ಹೊಸವೇನಲ್ಲ.

ಹೊಸಬನ ಮೊದಲ ಸಂಜೆ

ಇಂಥ ಚಿಕ್ಕ ಜಾಲಕ್ಕೆ ಮೊದಲ ಬಾರಿ ಹೋದವನಿಗೆ ಏನು ಕಾಣುತ್ತಿತ್ತು? ಖಲೀದ್ ಮರ್ದಮ್-ಬೇ 1995ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ 'ಎಂಐಆರ್‌ಸಿ' ಎಂಬ ವಿಂಡೋಸ್ ಪ್ರೋಗ್ರಾಂ ಈ ಲೋಕದ ಬಾಗಿಲನ್ನು ಸಾಮಾನ್ಯರಿಗೂ ತೆರೆಯಿತು. ಸರ್ವರಿನ ಹೆಸರು, 6667 ಎಂಬ ಪೋರ್ಟ್ ಸಂಖ್ಯೆ, ತನಗೊಂದು ಅಡ್ಡಹೆಸರು, ಇಷ್ಟು ಕೊಟ್ಟರೆ ಸಾಕು. ಮೊದಲು 'ಇಂದಿನ ಸಂದೇಶ' ಎಂಬ ಸ್ವಾಗತಪತ್ರ ಸುರುಳಿ ಬಿಚ್ಚುತ್ತಿತ್ತು. ಸರ್ವರನ್ನು ಯಾರು ನಡೆಸುತ್ತಾರೆ, ಏನು ಮಾಡಬಾರದು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಬಳಿಕ ಓರೆಗೆರೆ ಹಾಕಿ 'ಜಾಯಿನ್' ಎಂದು ಬರೆದು, ಹ್ಯಾಶ್ ಗುರುತಿನೊಡನೆ ಚಾನೆಲ್ಲಿನ ಹೆಸರು ಕೊಟ್ಟರೆ ಒಳಗೆ ಪ್ರವೇಶ.

ದೊಡ್ಡ ಜಾಲದಲ್ಲಿ ಬೇಕೆಂದ ಹೆಸರು ಸಿಗುವುದೇ ಕಷ್ಟ. ಚಿಕ್ಕದರಲ್ಲಿ ಬಹುಮಟ್ಟಿಗೆ ಕೇಳಿದ ಹೆಸರೇ ಸಿಗುತ್ತಿತ್ತು. ಆದರೆ ಬೇರೊಂದು ಪಾಠ ಕಲಿಯಬೇಕಿತ್ತು. ಪಟ್ಟಿಯಲ್ಲಿ ಹದಿನೈದು ಹೆಸರುಗಳಿದ್ದರೂ ಅರ್ಧ ಗಂಟೆ ಯಾರೂ ತುಟಿಪಿಟಕ್ ಎನ್ನದಿರಬಹುದು. ಒಬ್ಬ ಆಫೀಸಿನಲ್ಲಿರುತ್ತಾನೆ, ಇನ್ನೊಬ್ಬನ ಊರಿನಲ್ಲಿ ಆಗ ನಡುರಾತ್ರಿ. ಹೊಸಬ ಬಂದವನೇ ನಮಸ್ಕಾರ ಹೇಳಿ, ಉತ್ತರ ಬರಲಿಲ್ಲವೆಂದು ಎರಡು ನಿಮಿಷದಲ್ಲಿ ಎದ್ದುಹೋದರೆ ಅವನಿಗೆ ಅಲ್ಲಿ ಯಾರೂ ಸಿಗುವುದಿಲ್ಲ. ಕುಳಿತು ಕಾದವನಿಗೆ ಮಾತ್ರ ಜಗುಲಿಯ ಪರಿಚಯ. 'ಒಂದು ಪ್ರಶ್ನೆ ಕೇಳಬಹುದೇ' ಎಂದು ಅನುಮತಿ ಬೇಡದೆ ನೇರವಾಗಿ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುವುದು ಇಲ್ಲಿನ ಸಭ್ಯತೆ. ಎರಡು ಮೂರು ದಿನ ಬಂದುಹೋದರೆ ಹೆಸರು ಎಲ್ಲರಿಗೂ ಗೊತ್ತಾಗುತ್ತಿತ್ತು. ಸಾವಿರಾರು ಜನರ ಸಂತೆಯಲ್ಲಿ ಗುರುತಿಗೆ ಗುಪ್ತಪದ ಬೇಕು. ಹದಿನೈದು ಜನರ ನಡುವೆ ಮಾತಿನ ಧಾಟಿಯೇ ಗುರುತು.

ಕನ್ನಡದ ಒಂದು ಸಾಲು

ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಕೆಲವು ವಿದ್ಯಾಸಂಸ್ಥೆಗಳಿಗೆ ಮಾತ್ರ ಜಾಲದ ಸಂಪರ್ಕವಿತ್ತು. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಚಿತ್ರಗಳಿಲ್ಲದ, ಬರಿಯ ಅಕ್ಷರಗಳ ಸಂಪರ್ಕವೇ ಆಗ ವಿದ್ಯಾರ್ಥಿಗಳ ಪಾಲಿಗೆ ಬಂದದ್ದು. ದೂರವಾಣಿ ತಂತಿಯ ನಿಧಾನಗತಿಗೆ ಐಆರ್‌ಸಿ ಹೇಳಿ ಮಾಡಿಸಿದಂತಿತ್ತು. ಅದು ಕಳಿಸುವುದು ಬರಿಯ ಅಕ್ಷರಗಳ ಸಾಲು. ಬಳಿಕ ಸೈಬರ್ ಕೆಫೆಗಳು ಬಂದವು. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಕುಳಿತ ಹುಡುಗರು ದೂರದ ದೇಶದವರೊಡನೆ ಹರಟಿದರು.

ಕನ್ನಡಿಗರು ಕನ್ನಡಿಗರನ್ನು ಕಂಡಾಗಲೂ ಊಟ ಆಯಿತೇ ಎಂದು ಕೇಳುತ್ತಿದ್ದುದು ಇಂಗ್ಲಿಷ್ ಲಿಪಿಯಲ್ಲಿ. ಓಯ್ಕರಿನೆನ್ ಮತ್ತು ಡ್ಯಾರೆನ್ ರೀಡ್ 1993ರ ಮೇ ತಿಂಗಳಲ್ಲಿ ಪ್ರಕಟಿಸಿದ ಐಆರ್‌ಸಿ ನಿಯಮಾವಳಿಯಲ್ಲಿ ಅಡ್ಡಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿಗೆ ಮಾತ್ರ ಜಾಗವಿತ್ತು. ಅದೇ ನಿಯಮಾವಳಿಯಲ್ಲಿ ಒಂದು ವಿಚಿತ್ರ ಮಾತಿದೆ. ಚೌಕ ಆವರಣ ಚಿಹ್ನೆಯನ್ನು ದೊಡ್ಡಕ್ಷರವೆಂದೂ, ಹೂವಿನ ಆವರಣ ಚಿಹ್ನೆಯನ್ನು ಅದರ ಚಿಕ್ಕಕ್ಷರವೆಂದೂ ತಿಳಿಯತಕ್ಕದ್ದು ಎಂಬುದೇ ಆ ಮಾತು. ಕಾರಣ, ಫಿನ್‌ಲೆಂಡಿನ ಕಂಪ್ಯೂಟರುಗಳಲ್ಲಿ ಆ ಸ್ಥಾನಗಳಲ್ಲಿ ಅವರ ಭಾಷೆಯ ವಿಶೇಷ ಸ್ವರಾಕ್ಷರಗಳು ಕುಳಿತಿದ್ದವು. ರಚಿಸಿದವನ ನುಡಿಯ ಗುರುತು ನಿಯಮದಲ್ಲಿ ಹೀಗೆ ಉಳಿದುಬಿಟ್ಟಿತು.

ಯೂನಿಕೋಡ್ ಬಂದ ಮೇಲೆ ಕನ್ನಡ ಲಿಪಿಯ ಸಾಲುಗಳೂ ಐಆರ್‌ಸಿಯಲ್ಲಿ ಹಾಯುವಂತಾಯಿತು. ಆದರೂ ಒಂದು ಲೆಕ್ಕವುಂಟು. ನಿಯಮದ ಪ್ರಕಾರ ಒಂದು ಸಂದೇಶ 512 ಬೈಟ್ ಮೀರಬಾರದು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. 'ಸ್ತ್ರೀ' ಎಂಬ ಒಂದು ಸಂಯುಕ್ತಾಕ್ಷರದಲ್ಲಿ ಆರು ಸಂಕೇತಗಳಿವೆ. ಅದೊಂದೇ 18 ಬೈಟ್ ಹಿಡಿಯುತ್ತದೆ. ಹಾಗಾಗಿ ಉದ್ದ ಮಾತಾಡುವ ಕನ್ನಡಿಗನ ವಾಕ್ಯ ನಡುವೆಯೇ ತುಂಡಾಗುವ ಸಂಭವ ಹೆಚ್ಚು.

ಚಿಕ್ಕದು ದೊಡ್ಡದಾದರೆ

ಚಿಕ್ಕ ಜಾಲ ಚೆನ್ನಾಗಿದ್ದರೆ ಜನ ಬರುತ್ತಾರೆ. ಜನ ಬಂದರೆ ಅದು ಚಿಕ್ಕದಾಗಿ ಉಳಿಯುವುದಿಲ್ಲ. 25 ಮಂದಿಯ ಡಾಲ್‌ನೆಟ್ 1995ರ ನವೆಂಬರಿಗೆ 1,000, ಮರುವರ್ಷದ ಕೊನೆಗೆ 10,000, 1998ರ ನವೆಂಬರಿಗೆ 50,000 ಮಂದಿಯ ಜಾಲವಾಯಿತು. 2002ರಲ್ಲಿ ಏಕಕಾಲಕ್ಕೆ 1,40,000ದಷ್ಟು ಜನ ಅಲ್ಲಿದ್ದದ್ದುಂಟು. ಅದೇ ವರ್ಷದ ಕೊನೆಯಲ್ಲಿ ದಾಳಿಗಳು ಆರಂಭವಾದವು. ಸಾವಿರಾರು ಕಂಪ್ಯೂಟರುಗಳಿಂದ ಒಮ್ಮೆಲೇ ಸುಳ್ಳು ಸಂದೇಶಗಳ ಪ್ರವಾಹ ಹರಿಸಿ ಸರ್ವರನ್ನು ಮುಳುಗಿಸುವ ಬಗೆಯ ದಾಳಿ ಅದು. 2003ರಲ್ಲಿ ಜಾಲ ದಿನಗಟ್ಟಲೆ ನೆಲಕಚ್ಚಿತು. ಪುಕ್ಕಟೆಯಾಗಿ ಸರ್ವರ್ ಕೊಟ್ಟಿದ್ದ ಸಂಸ್ಥೆಗಳು ಈ ಹೊರೆ ತಾಳಲಾರದೆ ಒಂದೊಂದಾಗಿ ಹಿಂದೆ ಸರಿದವು. ಜನ ಮತ್ತೆ ಚದುರಿ ಬೇರೆ ಜಗುಲಿಗಳನ್ನು ಹುಡುಕಿದರು. ಡಾಲ್‌ನೆಟ್ ಉಳಿಯಿತು, ಆದರೆ ಹಳೆಯ ಸಂಖ್ಯೆ ಮರಳಲಿಲ್ಲ.

ಮುಕ್ತ ತಂತ್ರಾಂಶ ರಚಿಸುವವರ ನೆಲೆಯಾಗಿದ್ದ 'ಫ್ರೀನೋಡ್' ಕಥೆ ಇನ್ನೊಂದು ಬಗೆಯದು. ರಾಬ್ ಲೆವಿನ್ ಕಟ್ಟಿದ ಆ ಜಾಲ 2002ರಲ್ಲಿ ಈ ಹೆಸರು ಪಡೆಯಿತು. ಲೆವಿನ್ 2006ರಲ್ಲಿ ಹ್ಯೂಸ್ಟನ್ ನಗರದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಕಾರು ಡಿಕ್ಕಿಯಾಗಿ ತೀರಿಕೊಂಡರು. 2021ರಲ್ಲಿ ಜಾಲದ ಒಡೆತನದ ಬಗ್ಗೆ ವಿವಾದ ಎದ್ದಿತು. ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ರಾಜೀನಾಮೆ ಕೊಟ್ಟು ಮೇ 19ರಂದು 'ಲಿಬೆರಾ ಚಾಟ್' ಎಂಬ ಹೊಸ ಜಾಲ ತೆರೆದರು. ವಿಕಿಮೀಡಿಯಾ, ಉಬುಂಟು ಮೊದಲಾದ ಬಳಗಗಳು ಕೆಲವೇ ದಿನಗಳಲ್ಲಿ ಅಲ್ಲಿಗೆ ಗುಳೆ ಹೋದವು. ಡೆಬಿಯನ್ ಬಳಗ ಇದಕ್ಕೆ ಹದಿನೈದು ವರ್ಷ ಮೊದಲೇ, 2006ರಲ್ಲಿ, 'ಓಎಫ್‌ಟಿಸಿ' ಎಂಬ ಇನ್ನೂ ಚಿಕ್ಕ ಜಾಲಕ್ಕೆ ತನ್ನ ಕಟ್ಟೆಯನ್ನು ಸಾಗಿಸಿತ್ತು.

ಇಷ್ಟು ಸುಲಭವಾಗಿ ಊರು ಬಿಡಲು ಸಾಧ್ಯವಾದದ್ದು ಹೇಗೆ? ಐಆರ್‌ಸಿ ನಿಯಮಾವಳಿ ಸಾರ್ವಜನಿಕರ ಸ್ವತ್ತು. ಸರ್ವರ್ ಪ್ರೋಗ್ರಾಂ ಯಾರು ಬೇಕಾದರೂ ನಡೆಸಬಹುದು. ಒಂದು ಜಾಲಕ್ಕೆ ಹೋಗುವ ಪ್ರೋಗ್ರಾಮಿನಿಂದಲೇ ಇನ್ನೊಂದಕ್ಕೂ ಹೋಗಬಹುದು; ಬದಲಾಗುವುದು ವಿಳಾಸ ಮಾತ್ರ. ಕಂಪನಿಗಳು ನಡೆಸಿದ ಹರಟೆ ಸೇವೆಗಳಿಗೆ ಈ ಗುಣವಿರಲಿಲ್ಲ. ಅಮೆರಿಕದ ಎಐಎಂ 2017ರ ಡಿಸೆಂಬರಿನಲ್ಲಿ, ಯಾಹೂ ಮೆಸೆಂಜರ್ 2018ರ ಜುಲೈಯಲ್ಲಿ ಮುಚ್ಚಿದವು. ಕೋಟ್ಯಂತರ ಜನ ಬಳಸಿದ್ದ ಸೇವೆಗಳು ಅವು. ಆದರೆ ಬಾಗಿಲು ಮುಚ್ಚಿದ ಮೇಲೆ ಪಕ್ಕದಲ್ಲಿ ಅದೇ ಬಗೆಯ ಇನ್ನೊಂದು ಮನೆ ಕಟ್ಟಿಕೊಳ್ಳುವ ಹಕ್ಕು ಅಲ್ಲಿದ್ದವರಿಗೆ ಇರಲಿಲ್ಲ. 1988ರ ಬೇಸಿಗೆಯಲ್ಲಿ ಔಲುವಿನ ತರುಣ ಬರೆದದ್ದು ಈ ದೈತ್ಯರಿಗಿಂತ ಹೆಚ್ಚು ಕಾಲ ಬಾಳಿದೆ. ಇಎಫ್‌ನೆಟ್, ಅಂಡರ್‌ನೆಟ್, ಡಾಲ್‌ನೆಟ್, ಐಆರ್‌ಸಿನೆಟ್ ಎಲ್ಲವೂ ಹಿಂದಿನ ಜನಸಂದಣಿ ಇಲ್ಲದೆಯೂ ಇನ್ನೂ ನಡೆಯುತ್ತಿವೆ.

ಆದರೂ ಗುಳೆ ಹೋಗುವುದು ಯಾವಾಗಲೂ ನಷ್ಟವಿಲ್ಲದ ಕೆಲಸವಲ್ಲ. ಹೊಸ ಜಾಲದಲ್ಲಿ ಹಳೆಯ ಹೆಸರನ್ನು ಮತ್ತೆ ನೋಂದಾಯಿಸಬೇಕು. ಅಷ್ಟರಲ್ಲಿ ಬೇರೊಬ್ಬರು ಅದನ್ನು ಹಿಡಿದಿರಲೂಬಹುದು. ಎಲ್ಲರಿಗೂ ಸುದ್ದಿ ಮುಟ್ಟುವುದಿಲ್ಲ. ಎರಡು ವರ್ಷದ ಮೇಲೆ ಹಳೆಯ ಚಾನೆಲ್ಲಿಗೆ ಬಂದವನೊಬ್ಬ, ಯಾರೂ ಇಲ್ಲದ ಕಡೆ ಹಳೆಯ ಹೆಸರು ಹೇಳಿದರೆ ಸರ್ವರ್ ತನ್ನ ನಿಯಮದಂತೆ ಅವನಿಗಾಗಿ ಹೊಸ ಚಾನೆಲ್ ತೆರೆದುಕೊಡುತ್ತದೆ. ಮೊದಲು ಬಂದವನಾದ್ದರಿಂದ ಅವನನ್ನೇ ಯಜಮಾನನನ್ನಾಗಿಯೂ ಮಾಡುತ್ತದೆ. ಹೆಸರಿದೆ, ಜಗುಲಿಯಿದೆ, ಅಧಿಕಾರವೂ ಇದೆ. ಮಾತಾಡಲು ಇನ್ನೊಬ್ಬರು ಬರುವವರೆಗೆ ಅವನು ಕಾಯಬೇಕು.